ಶನಿವಾರಸಂತೆಯ ತೋಟದ ಮನೆಗೆ ಯಾವ ಗ್ರಾಫಿಕ್ಸ್ ಕಾರ್ಡ್: ಎನ್ವಿಡಿಯಾನಾ, ಎಎಂಡಿನಾ, ಇಂಟೆಲ್ಲಾ?

ನೀವು ಕೇಳಿದ್ದು ಇಷ್ಟು: ಕೊಡಗಿನ ಶನಿವಾರಸಂತೆ ಹತ್ತಿರ ತೋಟದ ಮನೆ. ಐ5 10400ಎಫ್ ಪ್ರೊಸೆಸರ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಯೊಳಗೆ ಕರೆಂಟ್ ಹಂಚುವ ಪೆಟ್ಟಿಗೆ), 600 ವಿಎ ಯುಪಿಎಸ್, 1080ಪಿ ಮಾನಿಟರ್. ಆಡುವುದು ದಿನಾ ವ್ಯಾಲೊರೆಂಟ್, ರಜೆಯಲ್ಲಿ ಸೈಬರ್‌ಪಂಕ್ 2077. ಎನ್ವಿಡಿಯಾದ ಆರ್‌ಟಿಎಕ್ಸ್ 5060, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ, ಇಂಟೆಲ್‌ನ ಆರ್ಕ್ ಬಿ580, ಆಟದ ಚಿತ್ರ ಮೂಡಿಸುವ ಈ ಮೂರು ಕಾರ್ಡ್‌ಗಳಲ್ಲಿ ಯಾವುದು?

ನಾನು ನಾಪೋಕ್ಲು ಕಡೆಯವನು. ಹತ್ತು ವರ್ಷದಿಂದ ಇದೇ ಮಳೆಯಲ್ಲಿ ಪಿಸಿ ಇಟ್ಟುಕೊಂಡು ಆಡುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. 16 ಜಿಬಿಯ 9060 ಎಕ್ಸ್‌ಟಿ ನಿಮ್ಮ ದುಡ್ಡಿಗೆ ಎಟುಕಿದರೆ ಅದನ್ನೇ ತಗೊಳ್ಳಿ. ಎಟುಕದಿದ್ದರೆ 5060. ಬಿ580 ನಿಮ್ಮ ಪಿಸಿಗೆ ಬೇಡ. ಆದರೆ ಯಾವುದೇ ಕಾರ್ಡಿಗೆ ದುಡ್ಡು ಕೊಡುವ ಮೊದಲು ಯುಪಿಎಸ್ ಬದಲಿಸಿ.

ಬಿ580 ಯಾಕೆ ಬೇಡ ಅಂದರೆ, ಅದು ಕೆಟ್ಟ ಕಾರ್ಡ್ ಅಂತಲ್ಲ. 2024ರ ಡಿಸೆಂಬರ್‌ನಲ್ಲಿ ಬಂದಾಗ ಆ ಬೆಲೆಯ ಹೊಸ ಕಾರ್ಡ್‌ಗಳಲ್ಲಿ 12 ಜಿಬಿ ಮೆಮೊರಿ ಅಪರೂಪವಾಗಿತ್ತು. ತೊಂದರೆ ಅದರ ಡ್ರೈವರ್‌ನದ್ದು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ್ದು. ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತದೆ. ಹೊಸ ಪ್ರೊಸೆಸರ್ ಇದ್ದವರಿಗೆ ಅದು ಗೊತ್ತೇ ಆಗುವುದಿಲ್ಲ, ನಿಮ್ಮಂಥ ಹಳೆಯ ಆರು ಕೋರ್‌ನವರಿಗೆ ಕೆಲವು ಆಟಗಳಲ್ಲಿ ಸೆಕೆಂಡಿಗೆ ಮೂಡುವ ಫ್ರೇಮ್‌ಗಳು (ಎಫ್‌ಪಿಎಸ್) ತುಂಬಾ ಕಡಿಮೆಯಾಗುತ್ತವೆ. ಪಿಸಿಯ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ತಲುಪುವ ಸೌಲಭ್ಯ) ಆನ್ ಇರಲೇಬೇಕು. ಕರೆಂಟ್ ಬೇರೆ 190 ವ್ಯಾಟ್ ಕೇಳುತ್ತದೆ.

ಈಗ ಉಳಿದ ಎರಡು. ವ್ಯಾಲೊರೆಂಟ್ ವಿಷಯ ಬಿಟ್ಟುಬಿಡಿ, ಅದು ಯಾವ ಕಾರ್ಡಿನಲ್ಲಾದರೂ ಓಡುತ್ತದೆ. ಅಲ್ಲಿ ನಿಮ್ಮನ್ನು ತಡೆಯುವುದು ಪ್ರೊಸೆಸರ್ ಮತ್ತು ಇಂಟರ್‌ನೆಟ್. ವ್ಯತ್ಯಾಸ ಕಾಣುವುದು ಸೈಬರ್‌ಪಂಕ್‌ನಂಥ ದೊಡ್ಡ ಆಟದಲ್ಲಿ.

5060ರಲ್ಲಿ ಇರುವುದು 8 ಜಿಬಿ. ಮದರ್‌ಬೋರ್ಡಿನ ಜೊತೆ ಅದು ಮಾತಾಡುವುದು 8 ಲೇನ್‌ಗಳಲ್ಲಿ, ಅಂದರೆ ಮಾಹಿತಿ ಓಡಾಡುವ 8 ದಾರಿಗಳಲ್ಲಿ ಮಾತ್ರ. ಆ ದಾರಿಯ ವೇಗದಲ್ಲಿ ನಿಮ್ಮ 10400ಎಫ್ ಹಳೆಯ ಪಿಸಿಐ ಎಕ್ಸ್‌ಪ್ರೆಸ್ 3.0ಕ್ಕಿಂತ ಮೇಲೆ ಹೋಗುವುದಿಲ್ಲ. ಆಟ 8 ಜಿಬಿಯೊಳಗೆ ಹಿಡಿಯುವ ತನಕ ಏನೂ ತೊಂದರೆಯಿಲ್ಲ. ಹಿಡಿಯದೆ ಹೋದರೆ ಕಾರ್ಡ್ ಪಿಸಿಯ ರ‍್ಯಾಮ್‌ನಿಂದ ಎರವಲು ತರುತ್ತದೆ. ಆಗ ಸಂಪಾಜೆ ಘಾಟಿಯಲ್ಲಿ ಒಂದು ಬದಿ ಮಣ್ಣು ಕುಸಿದು, ಇನ್ನೊಂದು ಬದಿಯಲ್ಲಿ ಮಾತ್ರ ಗಾಡಿ ಬಿಡುವ ಹಾಗಾಗುತ್ತದೆ. ಸ್ಕ್ರೀನ್ ಮೇಲೆ ಇದು ಹೇಗೆ ಕಾಣುತ್ತದೆ ಗೊತ್ತಾ? ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ತೋರಿಸುತ್ತಿರುತ್ತದೆ, ಆದರೆ ತಿರುವಿನಲ್ಲಿ ಕಾರು ತಿರುಗಿಸಿದಾಗ ಚಿತ್ರ ಒಂದು ಕ್ಷಣ ಕಚಕ್ಕನೆ ನಿಲ್ಲುತ್ತದೆ. ಗೋಡೆಯ ಮೇಲಿನ ಬರಹ ಮಸುಕಾಗಿ ಬಂದು, ಎರಡು ಸೆಕೆಂಡ್ ಬಿಟ್ಟು ಸ್ಪಷ್ಟವಾಗುತ್ತದೆ. 9060 ಎಕ್ಸ್‌ಟಿಗೆ 16 ಲೇನ್ ಇದೆ, ಮೆಮೊರಿಯೂ ಎರಡು ಪಟ್ಟು. ಹಳೆಯ ಬೋರ್ಡ್ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯ ಅಲ್ಲ. ಒಂದು ಎಚ್ಚರಿಕೆ: ಇದೇ ಹೆಸರಿನಲ್ಲಿ 8 ಜಿಬಿ ಕಾರ್ಡೂ ಇದೆ. ಡಬ್ಬದ ಮೇಲೆ ನೋಡಿ ತಗೊಳ್ಳಿ.

ಎನ್ವಿಡಿಯಾ ಮುಂದಿರುವ ಜಾಗವನ್ನೂ ಹೇಳಬೇಕು. 2018ರಲ್ಲಿ ಆರ್‌ಟಿಎಕ್ಸ್ 20 ಸರಣಿಯ ಜೊತೆ ಬಂದ ಡಿಎಲ್‌ಎಸ್‌ಎಸ್ ಇವತ್ತು ಹೆಚ್ಚಿನ ದೊಡ್ಡ ಆಟಗಳಲ್ಲಿ ಇದೆ. ಕಡಿಮೆ ರೆಸಲ್ಯೂಷನ್‌ನಲ್ಲಿ ಆಟ ಓಡಿಸಿ, ಚಿತ್ರವನ್ನು ಚೆನ್ನಾಗಿ ದೊಡ್ಡದು ಮಾಡಿ ಕೊಡುತ್ತದೆ. ಎಎಂಡಿ 2021ರಲ್ಲಿ ಎಫ್‌ಎಸ್‌ಆರ್ ತಂದಿತು. ಬೇರೆ ಕಂಪನಿಗಳ ಕಾರ್ಡಿನಲ್ಲೂ ನಡೆಯುತ್ತಿತ್ತು ಅನ್ನುವುದು ಅದರ ದೊಡ್ಡ ಗುಣ. ಆದರೆ ಹುಲ್ಲು, ತಂತಿ, ದೂರದ ಎಲೆಗಳು ಮಿಣಮಿಣ ಅನ್ನುತ್ತಿದ್ದವು. 2025ರ ಎಫ್‌ಎಸ್‌ಆರ್ 4ರಲ್ಲಿ ಅದು ಬಹಳ ಮಟ್ಟಿಗೆ ಸರಿಹೋಗಿದೆ, 9060 ಎಕ್ಸ್‌ಟಿಗೆ ಅದು ಸಿಗುತ್ತದೆ. ಸೈಬರ್‌ಪಂಕ್‌ನ ಪಾತ್ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವ ಭಾರಿ ಸೆಟ್ಟಿಂಗ್) ಹಾಕಿಯೇ ಆಡಬೇಕು ಅಂತಿದ್ದರೆ, ಅಥವಾ 3ಡಿ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಕೆಲಸ ಮಾಡುವವರಾದರೆ ಎನ್ವಿಡಿಯಾನೇ ಸರಿ. ನೀವು ಅದನ್ನು ಕೇಳಿಲ್ಲ, ಅಲ್ವಾ?

ಅಂದಹಾಗೆ ಈ ಮೂರೂ ಕಂಪನಿಯವರ ಈ ಚಿಪ್‌ಗಳನ್ನು ಮಾಡಿಕೊಡುವುದು ತೈವಾನಿನ ಒಂದೇ ಕಂಪನಿ, ಟಿಎಸ್‌ಎಂಸಿ. ಬೀಜ ಒಂದೇ ತೋಟದ್ದು, ಹುರಿದು ಪುಡಿ ಮಾಡುವವರು ಬೇರೆ. ಹಾಗಾಗಿ ಒಂದು ಕಂಪನಿಗೆ ನಿಷ್ಠೆ ಇಟ್ಟುಕೊಂಡು ಜಗಳ ಆಡುವವರ ಮಾತು ಕೇಳಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ನಮ್ಮ ಊರಿನ ಮಾತು. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. 5060 ಎಳೆಯುವುದು 145 ವ್ಯಾಟ್, 16 ಜಿಬಿಯ 9060 ಎಕ್ಸ್‌ಟಿ 160. ಪ್ರೊಸೆಸರ್, ಮಾನಿಟರ್, ಫ್ಯಾನ್ ಎಲ್ಲಾ ಸೇರಿದರೆ 300ರ ಹತ್ತಿರ ಬರುತ್ತದೆ. ಲೆಕ್ಕದಲ್ಲಿ ಸಾಕು ಅನಿಸುತ್ತದೆ. ಆದರೆ ಎರಡು ಮಳೆಗಾಲ ಕಂಡ ಬ್ಯಾಟರಿಗೆ ಆ ಭಾರ ತಡೆಯುವುದಿಲ್ಲ. ನನ್ನ ಹಳೆಯ ಕಾರ್ಡ್ 185 ವ್ಯಾಟಿನದು. ಜುಲೈಯಲ್ಲಿ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದು ಕರೆಂಟ್ ಹೋದಾಗಲೆಲ್ಲ ಯುಪಿಎಸ್ ಒಂದು ಸಲ ಕೀಂ ಅಂದು, ಪಿಸಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿತ್ತು. ನಾಲ್ಕನೇ ಸಲಕ್ಕೆ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ತಂಗಿಯ ಮದುವೆ ಫೋಟೊಗಳು ಅದರಲ್ಲಿದ್ದವು. ಅದಕ್ಕೇ ಯುಪಿಎಸ್ ಮಾತು ಮೊದಲು ಎತ್ತಿದೆ. 1100 ವಿಎ ತಗೊಳ್ಳಿ. 450 ವ್ಯಾಟ್ ಎಸ್‌ಎಂಪಿಎಸ್ ಒಳ್ಳೆ ಕಂಪನಿಯದಾದರೆ ಇರಲಿ, ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಅದನ್ನೂ ತೆಗೆಯಿರಿ.

ಇನ್ನೊಂದು, ತೇವ. ನನ್ನ ಆ ಹಳೆಯ ಕಾರ್ಡನ್ನು ಮಳೆಗಾಲದಲ್ಲಿ ಮೂರು ವಾರ ಆನ್ ಮಾಡದೆ ಬಿಟ್ಟು ಬೇರೆ ಊರಿಗೆ ಹೋಗಿದ್ದೆ. ವಾಪಸ್ ಬಂದು ಬಿಚ್ಚಿ ನೋಡಿದರೆ ಎಚ್‌ಡಿಎಂಐ ಬಾಯಿಯ ಸುತ್ತ ಕಂದು ತುಕ್ಕು, ಹೀಟ್‌ಸಿಂಕ್ ರೆಕ್ಕೆಗಳ ಮೇಲೆ ಬಿಳಿ ಪುಡಿ. ಫ್ಯಾನಿನ ಬುಡದಲ್ಲಿ ಮೊದಲ ಮಳೆಗೆ ಬೆಳಕು ಹುಡುಕಿ ಬಂದಿದ್ದ ಮಳೆಹುಳಗಳ ರೆಕ್ಕೆ ಅಂಟಿಕೊಂಡಿತ್ತು. ಆಮೇಲೆ ಚಿತ್ರ ಬರುವುದು ನಿಂತಾಗ ವಾರಂಟಿಗೆ ಮೈಸೂರಿನ ತನಕ ಹೊತ್ತುಕೊಂಡು ಹೋದೆ. ತುಕ್ಕು ಇದೆ, ಆಗುವುದಿಲ್ಲ ಅಂದರು. ಬೇಜಾರಾಯಿತು, ಆದರೆ ಷರತ್ತಿನಲ್ಲಿ ಅದು ಬರೆದೇ ಇತ್ತು. ನೆನಪಿಡಿ, ಭಾರತದಲ್ಲಿ ನಿಮ್ಮ ವಾರಂಟಿ ನೋಡಿಕೊಳ್ಳುವವರು ಕಾರ್ಡ್ ಜೋಡಿಸಿ ಮಾರುವ ಆಸುಸ್, ಎಂಎಸ್‌ಐ, ಗಿಗಾಬೈಟ್, ಸಫೈರ್ ಥರದವರು, ಎನ್ವಿಡಿಯಾ ಅಥವಾ ಎಎಂಡಿ ಅಲ್ಲ. ಕೊಳ್ಳುವ ಮೊದಲು ಅವರ ಸರ್ವಿಸ್ ಮೈಸೂರಿನಲ್ಲಿದೆಯಾ, ಬೆಂಗಳೂರಿಗೇ ಹೋಗಬೇಕಾ ಅಂತ ಅಂಗಡಿಯವರನ್ನು ಕೇಳಿ. ಒಂದೆರಡು ಸಾವಿರ ಜಾಸ್ತಿಯಾದರೂ ಹತ್ತಿರ ಇರುವವರ ಕಾರ್ಡನ್ನೇ ತಗೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಪಿಸಿಯನ್ನು ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಗೋಡೆಗೆ ಒತ್ತಿ ಇಡಬೇಡಿ, ಮಳೆಗಾಲದಲ್ಲಿ ನಮ್ಮ ಗೋಡೆಗಳು ಬೆವರುತ್ತವೆ. ಗುಡುಗು ಬರುವ ಸೂಚನೆ ಕಂಡಾಗಲೇ ಪ್ಲಗ್ ಕಿತ್ತುಬಿಡಿ. ರೌಟರ್‌ನಿಂದ ಬರುವ ಲ್ಯಾನ್ ವೈರನ್ನೂ.