ಪಂಚ್ ಔಟ್ ಆದ ಮೇಲಿನ ಒಂದೂವರೆ ಗಂಟೆ

ಈ ವಾರ ಬೇರೆ ಪತ್ರಗಳಿಗೆ ಉತ್ತರ ಬರೆಯಬೇಕು ಅಂತಿದ್ದೆ. ಮೈಸೂರಿನಿಂದ ಬಂದ ಒಂದು ಪತ್ರ ಓದಿದ ಮೇಲೆ ಅವನ್ನೆಲ್ಲ ಪಕ್ಕಕ್ಕಿಟ್ಟೆ. ಇದು ಕಾಯುವ ಪತ್ರವಲ್ಲ.

ಬರೆದವರಿಗೆ 22 ವರ್ಷ. ಊರು ಕೆ.ಆರ್. ನಗರದ ಹತ್ತಿರ. ಬಿ.ಕಾಂ. ಮುಗಿಸಿ, ಮೂರು ತಿಂಗಳ ಹಿಂದೆ ಮೈಸೂರಿನ ದೊಡ್ಡ ಸೂಪರ್ ಮಾರ್ಕೆಟ್ ಒಂದರಲ್ಲಿ ಬಿಲ್ಲಿಂಗ್ ಕೌಂಟರಿಗೆ ಸೇರಿದ್ದಾರೆ. ಸಂಬಳ 14,500 ರೂಪಾಯಿ. ವಾಸ ಪಿಜಿಯಲ್ಲಿ. ಸೇರಿದಾಗಿನಿಂದ ಒಂದು ಭಾನುವಾರವೂ ರಜೆ ಸಿಕ್ಕಿಲ್ಲ. ವಾರದಲ್ಲಿ ಐದು ದಿನ ರಾತ್ರಿ ಕ್ಲೋಸಿಂಗ್ ಡ್ಯೂಟಿ ಇವರಿಗೇ. ವೀಕ್ ಆಫ್ ಒಮ್ಮೆ ಮಂಗಳವಾರ, ಒಮ್ಮೆ ಗುರುವಾರ. ಯಾವತ್ತು ಅಂತ ಗೊತ್ತಾಗುವುದು ಹಿಂದಿನ ರಾತ್ರಿ, ವಾಟ್ಸಾಪ್ ಗ್ರೂಪಿನಲ್ಲಿ. ಭಾನುವಾರದ ಟ್ಯಾಲಿ ಕ್ಲಾಸಿಗೆ ಫೀಸು ಕಟ್ಟಿದ್ದಾರೆ, ಒಂದು ದಿನವೂ ಹೋಗಲು ಆಗಿಲ್ಲ. ಕೇಳಿದರೆ ಮ್ಯಾನೇಜರ್, "ಹೊಸಬರಿಗೆ ಹೀಗೇ, ಒಂದು ವರ್ಷ ಆಗಲಿ" ಅನ್ನುತ್ತಾರಂತೆ. ಪಕ್ಕದ ಕೌಂಟರಿನ ಅಕ್ಕನಿಗೆ ಮಾತ್ರ ಯಾವಾಗಲೂ ಬೆಳಗಿನ ಶಿಫ್ಟ್. ಈ ಕೆಲಸ ಕೊಡಿಸಿದ್ದು ಸೋದರಮಾವ. ಅವರ ಹತ್ತಿರ ಹೇಳಿಕೊಂಡರೆ, "ನನ್ನ ಮರ್ಯಾದೆ ತೆಗೀಬೇಡ, ಸುಮ್ನೆ ಅಡ್ಜಸ್ಟ್ ಮಾಡ್ಕೊಂಡು ಹೋಗು" ಅಂದರಂತೆ. ಭಾನುವಾರದ ರಜೆಯನ್ನು ಮ್ಯಾನೇಜರ್ ಹತ್ತಿರ ಹೇಗೆ ಕೇಳಲಿ ಅನ್ನುವುದು ಇವರ ಪ್ರಶ್ನೆ.

ನಾಲ್ಕು ಪುಟದ ಪತ್ರ. ಅದರಲ್ಲಿ ಎರಡು ಪುಟ ಆ ಬೆಳಗಿನ ಶಿಫ್ಟಿನ ಅಕ್ಕನ ಬಗ್ಗೆ. ಮೂರನೇ ಪುಟದ ಕೊನೆಯಲ್ಲಿ, ಬ್ರಾಕೆಟ್ ಒಳಗೆ, ಹೀಗೊಂದು ಸಾಲು: "ಎಂಟೂವರೆಗೆ ಪಂಚ್ ಔಟ್ ಮಾಡಿಸ್ತಾರೆ, ಆಮೇಲೆ ಕ್ಲೋಸಿಂಗ್ ಮುಗಿಸಿ ಹತ್ತಕ್ಕೆ ಬಿಡ್ತಾರೆ. ಅದು ಎಲ್ಲರಿಗೂ ಇದೆ ಮೇಡಂ, ಪರವಾಗಿಲ್ಲ."

ಪಂಚ್ ಔಟ್ ಅಂದರೆ ಕೆಲಸ ಮುಗಿಸಿ ಹೊರಟೆ ಅಂತ ಹಾಜರಿ ಮೆಷಿನ್ನಿನಲ್ಲಿ ದಾಖಲಿಸುವುದು. ತಂಗಿ, ನಿಮ್ಮ ಭಾನುವಾರಕ್ಕಿಂತ ದೊಡ್ಡ ಅನ್ಯಾಯ ಆ ಬ್ರಾಕೆಟ್ ಒಳಗಿದೆ. ಅದನ್ನು ನೀವೇ ದಾಟಿಕೊಂಡು ಹೋಗಿದ್ದೀರಿ.

ಮೊದಲು ದುಡ್ಡಿನ ಲೆಕ್ಕ ನೋಡೋಣ. ನಿಮ್ಮ ಶಿಫ್ಟ್ ಹನ್ನೊಂದೂವರೆಯಿಂದ ಎಂಟೂವರೆ. ನಡುವೆ ಒಂದು ಗಂಟೆ ಊಟ. ಅಂದರೆ ದಿನಕ್ಕೆ ಎಂಟು ಗಂಟೆ, ಆರು ದಿನಕ್ಕೆ 48. ಕರ್ನಾಟಕದಲ್ಲಿ ಅಂಗಡಿ ಕೆಲಸದವರಿಗಾಗಿ 1961ರಲ್ಲೇ ಒಂದು ಕಾಯಿದೆ ಬಂದಿದೆ. ಅದರ ಪ್ರಕಾರ ದಿನಕ್ಕೆ 9, ವಾರಕ್ಕೆ 48 ಗಂಟೆ ಮಿತಿ. ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಸಂಬಳ ಕೊಡಬೇಕು. ಆ ಹೆಚ್ಚಿನ ದುಡಿಮೆಯೂ ಮೂರು ತಿಂಗಳಲ್ಲಿ 50 ಗಂಟೆ ದಾಟುವಂತಿಲ್ಲ. ನಿಮ್ಮ 48 ಗಂಟೆ ಪಂಚ್ ಆದ ಸಮಯದಲ್ಲೇ ಪೂರ್ತಿ ತುಂಬಿದೆ. ಹಾಗಾಗಿ ಕ್ಲೋಸಿಂಗಿನ ಪ್ರತಿ ನಿಮಿಷವೂ ಓವರ್‌ಟೈಮ್. ದಿನಕ್ಕೆ ಒಂದೂವರೆ ಗಂಟೆ, ತಿಂಗಳಿಗೆ 20 ದಿನ, ಒಟ್ಟು 30 ಗಂಟೆ. ಮೂರು ತಿಂಗಳಿಗೆ 90. ನಿಮ್ಮ ಸಂಬಳವನ್ನು ಗಂಟೆಗೆ ಹಂಚಿದರೆ ಸುಮಾರು 70 ರೂಪಾಯಿ, ಅದರ ಎರಡು ಪಟ್ಟು 140. ತಿಂಗಳಿಗೆ 4,200 ರೂಪಾಯಿ ನಿಮಗೆ ಬರಬೇಕಿತ್ತು. ಪಂಚ್ ಮೆಷಿನ್ ಪ್ರಕಾರ ಆ ಹೊತ್ತಿನಲ್ಲಿ ನೀವು ಅಂಗಡಿಯಲ್ಲೇ ಇಲ್ಲ.

ಇನ್ನು ಬಸ್ಸು. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ನಿಮ್ಮಂಥವರಿಗೆ ಅದರಿಂದ ಎಷ್ಟು ಅನುಕೂಲವಾಗಿದೆ ಅಂತ ನಾನು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಎಂಟೂವರೆಗೆ ಬಿಟ್ಟಿದ್ದರೆ ನೀವು ಒಂದು ಪೈಸೆ ಕೊಡದೆ ಪಿಜಿ ಸೇರುತ್ತಿದ್ದಿರಿ. ಹತ್ತಕ್ಕೆ ಬಿಟ್ಟರೆ ನಿಮ್ಮ ರೂಟಿನ ಕೊನೆ ಬಸ್ಸು ಹೋಗಿರುತ್ತದೆ, ಆಟೋಗೆ 120 ಕೊಡಬೇಕು ಅಂತ ನೀವೇ ಬರೆದಿದ್ದೀರಿ. ತಿಂಗಳಿಗೆ 2,400 ರೂಪಾಯಿ. ಬರಬೇಕಾದ 4,200 ಬಂದಿಲ್ಲ, ಹೋಗಬಾರದ 2,400 ಹೋಗಿದೆ. 14,500ರ ಸಂಬಳದಲ್ಲಿ 6,600 ರೂಪಾಯಿಯ ವ್ಯತ್ಯಾಸ ಇದು.

ದುಡ್ಡು ಬಿಡಿ. ನನ್ನ ನಿದ್ದೆ ಕೆಡಿಸಿದ್ದು ಅದಲ್ಲ.

ನಿಮ್ಮ ಸಂಬಳ 21,000ದ ಒಳಗಿದೆ, ಹಾಗಾಗಿ ನಿಮಗೆ ಇಎಸ್‌ಐ, ಅಂದರೆ ನೌಕರರ ಸರ್ಕಾರಿ ವಿಮೆ, ಇರಬೇಕು. ಪೇ ಸ್ಲಿಪ್ ನೋಡಿ, ಶೇಕಡಾ 0.75 ಅದಕ್ಕೆ ಹಿಡಿದಿರುತ್ತಾರೆ. 2010ರಲ್ಲಿ ಇಎಸ್‌ಐ ಕಾಯಿದೆಗೆ ಒಂದು ಒಳ್ಳೆಯ ಅಂಶ ಸೇರಿಸಿದರು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಅಪಘಾತವಾದರೆ ಅದನ್ನೂ ಕೆಲಸದಲ್ಲಾದ ಅಪಘಾತ ಅಂತಲೇ ಲೆಕ್ಕ ಹಿಡಿಯುತ್ತಾರೆ. ಆದರೆ ಸಮಯ, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ತಾಳೆಯಾಗಬೇಕು. ಈಗ ಯೋಚನೆ ಮಾಡಿ. ದೇವರು ಹಾಗೆ ಮಾಡದಿರಲಿ, ರಾತ್ರಿ ಹತ್ತೂಕಾಲಿಗೆ ನಿಮ್ಮ ಆಟೋಗೆ ಏನೋ ಬಂದು ಗುದ್ದಿತು. ರೆಕಾರ್ಡ್ ಪ್ರಕಾರ ನೀವು ಎಂಟೂವರೆಗೇ ಹೊರಟಿದ್ದೀರಿ. ನಡುವಿನ ಹೊತ್ತು ಎಲ್ಲಿದ್ದಿರಿ ಅಂತ ಯಾರಾದರೂ ಕೇಳಿದರೆ ಏನು ತೋರಿಸುತ್ತೀರಿ? ಕ್ಯಾಷ್ ಟ್ಯಾಲಿ ಮಾಡುತ್ತಿದ್ದೆ, ಗಿರಾಕಿಗಳು ಎಲ್ಲೆಂದರಲ್ಲಿ ಬಿಟ್ಟುಹೋದ ಸಾಮಾನನ್ನು ರ‍್ಯಾಕಿಗೆ ವಾಪಸ್ ಇಡುತ್ತಿದ್ದೆ ಅಂತ ನೀವು ಹೇಳಬೇಕು. ಅದಕ್ಕೆ ಮ್ಯಾನೇಜರ್ ಹೌದು ಅನ್ನಬೇಕು. ಅನ್ನುತ್ತಾರಾ?

ಇನ್ನೊಂದು ವಿಷಯ. 2021ರ ಜನವರಿಯಲ್ಲಿ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು 24 ಗಂಟೆಯೂ ತೆರೆದಿರಬಹುದು ಅಂತ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಅಷ್ಟು ಸಡಿಲ ಮಾಡಿದಾಗಲೂ, ಹೆಣ್ಣುಮಕ್ಕಳನ್ನು ರಾತ್ರಿ 8ರ ನಂತರ ದುಡಿಸಬೇಕಾದರೆ ಅವರು ಬರೆದು ಕೊಟ್ಟ ಒಪ್ಪಿಗೆ ಬೇಕು, ಶಿಫ್ಟಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ವಾಹನದ ವ್ಯವಸ್ಥೆ ಇರಬೇಕು ಅಂತ ಷರತ್ತು ಹಾಕಿತು. ನಿಮ್ಮಿಂದ ಯಾರಾದರೂ ಒಪ್ಪಿಗೆ ಬರೆಸಿಕೊಂಡಿದ್ದಾರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಈಗ ಆ ಬೆಳಗಿನ ಶಿಫ್ಟಿನ ಅಕ್ಕ. ಆಕೆಯ ಮಗು ಒಂದನೇ ಕ್ಲಾಸು, ಸಂಜೆ ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಆಕೆಗೆ ಬೆಳಗಿನ ಶಿಫ್ಟ್ ಕೊಡದೆ ಇನ್ಯಾರಿಗೆ ಕೊಡಬೇಕು? ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ ಅಲ್ಲ. ಆಕೆ ನಿಮ್ಮ ಭಾನುವಾರ ಕಸಿದುಕೊಂಡಿಲ್ಲ. ಕಡಿಮೆ ಜನರನ್ನು ಇಟ್ಟುಕೊಂಡು ಇಡೀ ದಿನ ಅಂಗಡಿ ನಡೆಸುವುದರಿಂದ ನಿಮ್ಮಿಬ್ಬರ ನಡುವೆ ಈ ಜಗಳ ಹುಟ್ಟಿದೆ. ನಾಳೆ ನೀವು ಏನಾದರೂ ಕೇಳಲು ಹೊರಟಾಗ ಜೊತೆಗೆ ಬೇಕಾಗುವವರೇ ಆಕೆ. ಆಕೆಯ ಹತ್ತಿರ ಮುಖ ಗಂಟು ಹಾಕಿಕೊಂಡು ಓಡಾಡುವುದನ್ನು ಇವತ್ತೇ ನಿಲ್ಲಿಸಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ನಿಮ್ಮ ಮಾವನ ಮೇಲೆ. ಮ್ಯಾನೇಜರ್ ಮೇಲಿಗಿಂತ ಜಾಸ್ತಿ. ಮ್ಯಾನೇಜರ್ ಸಂಬಳ ತೆಗೆದುಕೊಂಡು ಆ ಕುರ್ಚಿಯಲ್ಲಿ ಕೂತಿದ್ದಾರೆ, ಮೇಲಿನವರು ಅವರನ್ನೂ ಹಿಂಡುತ್ತಿರಬಹುದು. ಅದರಿಂದ ಅವರು ಮಾಡಿದ್ದು ಸರಿಯಾಗುವುದಿಲ್ಲ, ಆದರೂ ಅವರಿಂದ ನಾನು ಹೆಚ್ಚೇನೂ ನಿರೀಕ್ಷೆ ಮಾಡುವುದಿಲ್ಲ. ಮಾವ ಅನ್ನಿಸಿಕೊಂಡವರು ಹಾಗಲ್ಲ. ಅಕ್ಕನ ಮಗಳು ರಾತ್ರಿ ಹತ್ತು ಗಂಟೆಗೆ ಗೊತ್ತಿಲ್ಲದ ಆಟೋ ಹತ್ತುತ್ತಾಳೆ ಅಂತ ಕೇಳಿದ ಮೇಲೂ ಅವರಿಗೆ ನೆನಪಾದದ್ದು ತಮ್ಮ ಮರ್ಯಾದೆ. ಇಂಥ ಪತ್ರ ನನಗೆ ಬರುತ್ತಲೇ ಇರುತ್ತದೆ. ಕೆಲಸ ಕೊಡಿಸಿದ ಚಿಕ್ಕಪ್ಪ, ಮಾವ, ಊರಿನ ಗೌಡರು. ಒಂದು ಫೋನ್ ಮಾಡಿ ಕೆಲಸ ಕೊಡಿಸುತ್ತಾರೆ, ಆಮೇಲೆ ವರ್ಷಗಟ್ಟಲೆ ಬಾಯಿಗೆ ಬೀಗ. ನೀವು ಇಂಟರ್‌ವ್ಯೂ ಕೊಟ್ಟಿದ್ದೀರಿ, ದಿನವಿಡೀ ಕೌಂಟರಿನಲ್ಲಿ ನಿಂತು ದುಡಿಯುತ್ತಿದ್ದೀರಿ. ಮಾವನ ಋಣ ಒಂದು ಥ್ಯಾಂಕ್ಸಿಗೆ, ಒಂದು ಕೆಜಿ ಮೈಸೂರುಪಾಕಿಗೆ ತೀರಿತು. ಇನ್ನು ಮುಂದೆ ಕೆಲಸದ ವಿಷಯ ಅವರ ಹತ್ತಿರ ಎತ್ತಬೇಡಿ. ಅಮ್ಮನಿಗೆ ಹೇಳಿ.

"ಎಲ್ಲರಿಗೂ ಇದೆ" ಅಂತ ಬರೆದಿದ್ದೀರಲ್ಲ, ಅದಕ್ಕೆ ಒಂದು ಮಾತು. ಕೇರಳದ ಕೋಝಿಕ್ಕೋಡಿನಲ್ಲಿ ಮಿಠಾಯಿ ತೆರುವು ಅನ್ನುವ ಬೀದಿಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಗಿರಾಕಿ ಇಲ್ಲದಾಗಲೂ ಕೂರುವಂತಿರಲಿಲ್ಲ, ಶೌಚಾಲಯಕ್ಕೂ ಪರದಾಡಬೇಕಿತ್ತು. ಅಲ್ಲೂ ಎಲ್ಲರಿಗೂ ಹಾಗೇ ಇತ್ತು. ವಿಜಿ ಎನ್ನುವ ಟೈಲರ್ ಒಬ್ಬರು ಮುಂದೆ ನಿಂತು ಆ ಹೆಂಗಸರನ್ನು ಒಟ್ಟು ಮಾಡಿದರು. 2018ರಲ್ಲಿ ಕೇರಳ ತನ್ನ ಕಾಯಿದೆಯನ್ನೇ ತಿದ್ದಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಕೊಟ್ಟಿತು. ಅವರು ಹೊಸದಾಗಿ ಕಾನೂನು ಮಾಡಿಸಬೇಕಾಗಿತ್ತು. ನಿಮಗೆ ಆ ಕಷ್ಟವಿಲ್ಲ, ನಿಮಗೆ ಬೇಕಾದ ಕಾನೂನು ನಿಮ್ಮ ಅಮ್ಮ ಹುಟ್ಟುವ ಮೊದಲೇ ಬಂದಿದೆ.

ಹಾಗಂತ ನಾಳೆಯೇ ಹೋಗಿ ಜಗಳ ಆಡಿ ಅಂತ ನಾನು ಹೇಳುವುದಿಲ್ಲ. ನೀವು ಸೇರಿ ಮೂರೇ ತಿಂಗಳಾಗಿದೆ. ಅದೇ ಕಾಯಿದೆಯಲ್ಲಿ, ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡದೆ ತೆಗೆಯುವಂತಿಲ್ಲ ಅಂತ ಇದೆ. ಆರು ತಿಂಗಳು ಆಗದವರಿಗೆ ಆ ಆಸರೆ ಇಲ್ಲ. ಊರಿಗೆ ತಿಂಗಳಿಗೆ ಐದು ಸಾವಿರ ಕಳಿಸಲೇಬೇಕು ಅಂತ ಬರೆದಿದ್ದೀರಿ. ಬರಿಗೈಯಲ್ಲಿ ಹೋಗಿ ಕೇಳಿ, ಕೆಲಸವನ್ನೂ ಕಳೆದುಕೊಂಡರೆ ಏನು ಬಂತು?

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ಇವತ್ತು ರಾತ್ರಿಯಿಂದ, ಅಂಗಡಿಯ ಬಾಗಿಲು ದಾಟಿದ ಕೂಡಲೇ ಅಮ್ಮನಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ. "ಅಮ್ಮಾ, ಕ್ಲೋಸಿಂಗ್ ಮುಗೀತು, ಈಗ ಹೊರಟೆ." ಅಷ್ಟೇ. ಒಂದು ದಿನವೂ ತಪ್ಪಿಸಬೇಡಿ. ಹೊರಡುವಾಗ ಹಾಕಿ, ಪಿಜಿಗೆ ಹೋಗಿ ನೆನಪು ಮಾಡಿಕೊಂಡು ಹಾಕಬೇಡಿ. ಬೇಗ ಬಿಟ್ಟ ದಿನವೂ ಹಾಕಿ. ಅಮ್ಮನಿಗೆ ಮೆಸೇಜ್ ಮಾಡಬೇಡ ಅಂತ ಯಾವ ಮ್ಯಾನೇಜರೂ ಹೇಳಲಾರ. ಮೆಸೇಜಿನ ಪಕ್ಕದಲ್ಲಿ ಸಮಯ ತಾನಾಗಿ ಬೀಳುತ್ತದೆ. ಮೂರು ತಿಂಗಳಾದ ಮೇಲೆ ಅದನ್ನು ಪಂಚಿಂಗ್ ಪಟ್ಟಿಯ ಪಕ್ಕ ಇಟ್ಟರೆ ನೀವು ಬಾಯಿ ತೆರೆದು ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಕಳೆದ ಮೂರು ತಿಂಗಳ ಗತಿ ಏನು ಅಂತ ಚಿಂತೆ ಬೇಡ. ಆಟೋಗೆ ಫೋನ್‌ಪೇ ಮಾಡುತ್ತೇನೆ ಅಂತ ಬರೆದಿದ್ದೀರಲ್ಲ, ಆ ಹಿಸ್ಟರಿಯಲ್ಲಿ ದಿನಾಂಕ, ಸಮಯ ಎರಡೂ ಇದೆ. ಅದನ್ನು ತೆಗೆದು ಜೋಪಾನ ಮಾಡಿ. ಡ್ಯೂಟಿ ಪಟ್ಟಿ ಬರುವ ಗ್ರೂಪಿನಲ್ಲಿ ಯಾರಾದರೂ ಮೆಸೇಜ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ.

ಟ್ಯಾಲಿ ಕ್ಲಾಸನ್ನು ವಾರದ ದಿನದ ಬೆಳಗಿನ ಬ್ಯಾಚಿಗೆ ಬದಲಾಯಿಸಿಕೊಳ್ಳಿ. ನಿಮ್ಮ ಶಿಫ್ಟ್ ಶುರುವಾಗುವುದು ಹನ್ನೊಂದೂವರೆಗೆ, ಕಟ್ಟಿದ ಫೀಸು ಯಾಕೆ ಹಾಳಾಗಬೇಕು? ಅಪಾಯಿಂಟ್‌ಮೆಂಟ್ ಆರ್ಡರ್ ಕೈಗೆ ಬಂದಿದೆಯಾ ನೋಡಿ. ಸೇರಿದ 30 ದಿನದ ಒಳಗೆ ಕೊಡಬೇಕು ಅನ್ನುವುದು ನಿಯಮ. ಬಂದಿಲ್ಲದಿದ್ದರೆ, ಬ್ಯಾಂಕಿನವರು ಕೇಳುತ್ತಿದ್ದಾರೆ ಅಂತ ಹೇಳಿ ಮೆತ್ತಗೆ ಕೇಳಿ. ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿರುವುದು ಸೂಪರ್ ಮಾರ್ಕೆಟ್ಟಾ, ಯಾವುದೋ ಏಜೆನ್ಸಿಯಾ ಅಂತ ಅದರಲ್ಲೇ ಗೊತ್ತಾಗುತ್ತದೆ. ನಾಳೆ ಅರ್ಜಿ ಯಾರ ಹೆಸರಿಗೆ ಬರೆಯಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಒಂದಕ್ಕೆ ಮಾತ್ರ ಆರು ತಿಂಗಳು ಕಾಯಬೇಡಿ. ರಾತ್ರಿಯ ದಾರಿ ಭಯ ಅನ್ನಿಸಿದರೆ, ಆಟೋದಲ್ಲಿ ಒಂದೇ ಒಂದು ದಿನ ಏನಾದರೂ ಹೆಚ್ಚುಕಮ್ಮಿ ಆದರೆ, ಮಾರನೇ ದಿನವೇ ಕ್ಲೋಸಿಂಗ್ ಮಾಡುವುದಿಲ್ಲ ಅಂತ ಹೇಳಿಬಿಡಿ. ಕೆಲಸ ಹೋದರೆ ಹೋಗಲಿ. ಬಿಲ್ಲಿಂಗ್ ಕಲಿತವರಿಗೆ ಮೈಸೂರಿನಲ್ಲಿ ಇನ್ನೊಂದು ಕೌಂಟರ್ ಸಿಗುತ್ತದೆ.

ಹಾಗೇನೂ ಆಗದೆ ಆರು ತಿಂಗಳು ತುಂಬಿದರೆ ನನಗೆ ಮತ್ತೆ ಬರೆಯಿರಿ. ಪೇ ಸ್ಲಿಪ್, ಪಂಚಿಂಗ್ ಪಟ್ಟಿ, ಅಮ್ಮನಿಗೆ ಹಾಕಿದ ಮೆಸೇಜುಗಳು ಎಲ್ಲ ಸೇರಿಸಿ ಕಳಿಸಿ. ಮೊದಲು ಮ್ಯಾನೇಜರಿಗೆ ಒಂದು ಪುಟದ ಅರ್ಜಿ ಬರೆಯೋಣ. ಅದರಲ್ಲಿ ಭಾನುವಾರದ ಮಾತು ಬೇಡ. ಪಂಚ್ ಔಟ್ ಮತ್ತು ರಾತ್ರಿಯ ವಾಹನ, ಎರಡೇ ವಿಷಯ. ಅವರು ಕೇಳದಿದ್ದರೆ ಅದೇ ಪುಟ ಕಾರ್ಮಿಕ ಇಲಾಖೆಯ ಲೇಬರ್ ಇನ್ಸ್‌ಪೆಕ್ಟರ್ ಹತ್ತಿರ ಹೋಗುತ್ತದೆ. ಬೆಳಗಿನ ಶಿಫ್ಟಿನ ಅಕ್ಕನೂ ಸಹಿ ಹಾಕುತ್ತಾರಾ ಅಂತ ಅಷ್ಟರಲ್ಲಿ ಕೇಳಿಟ್ಟಿರಿ.