ಮರಿಗೆ ಅಡ್ವಾನ್ಸ್ ಕೊಡುವ ಮುಂಚೆ ತಾಯಿ ನಾಯಿಯನ್ನು ನೋಡಿ

ಹಾಸನಕ್ಕೆ ಹೊಸದಾಗಿ ಬಂದಿದ್ದೀರಿ, ಮಗಳು ಲ್ಯಾಬ್ರಡಾರ್ ಮರಿಯೇ ಬೇಕು ಅಂತ ಹಟ ಹಿಡಿದಿದ್ದಾಳೆ, ಆದರೆ ನಾಯಿಗಳನ್ನು ಹಿಂಸಿಸಿ ದುಡ್ಡು ಮಾಡುವವರಿಗೆ ನಿಮ್ಮ ಹಣ ಹೋಗಬಾರದು, ಎಲ್ಲಿ ಕೊಳ್ಳಲಿ ಅಂತ ಕೇಳಿದ್ದೀರಿ. ಇಷ್ಟು ಯೋಚಿಸಿ ಕೇಳುವವರೇ ಕಡಿಮೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ಇದೇ ಊರಲ್ಲಿರೋದು. ಪರಿಚಯದವರು ಮರಿ ನೋಡಲು ಹೊರಟರೆ ನನ್ನನ್ನೂ ಜೊತೆಗೆ ಕರೆಯುತ್ತಾರೆ. ಎಲ್ಲರಿಗೂ ಹೇಳೋದು ಒಂದೇ ಮಾತು: ತಾಯಿ ನಾಯಿಯನ್ನು, ಅದು ದಿನವೂ ಇರುವ ಜಾಗದಲ್ಲೇ, ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವಾಟ್ಸಾಪಿನಲ್ಲಿ ಫೋಟೊ ಕಳಿಸಿ "ಬಸ್ ಸ್ಟ್ಯಾಂಡಿಗೇ ತಂದುಕೊಡ್ತೀವಿ ಸಾರ್" ಅನ್ನುವವರನ್ನು ಅಲ್ಲೇ ಬಿಟ್ಟುಬಿಡಿ. ಸ್ನೇಹಿತರೊಬ್ಬರ ಜೊತೆ ಊರಾಚೆಯ ಒಂದು ಮನೆಗೆ ಹೋಗಿದ್ದೆ. ಹಜಾರದಲ್ಲಿ ಮರಿಗಳಿಗೆ ಸ್ನಾನ ಮಾಡಿಸಿ ಪೌಡರ್ ಹಾಕಿ ಬುಟ್ಟಿಯಲ್ಲಿಟ್ಟಿದ್ದರು. ತಾಯಿ ಎಲ್ಲಿ ಅಂದರೆ "ಅದು ಕಚ್ಚುತ್ತೆ" ಅಂದರು. ಬಿಡದೆ ಕೇಳಿದ ಮೇಲೆ ಹಿತ್ತಲಿಗೆ ಕರೆದೊಯ್ದರು. ಕಬ್ಬಿಣದ ಗೂಡು, ಒದ್ದೆ ಸಿಮೆಂಟು, ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ. ನೆಲಕ್ಕೆ ಉಜ್ಜಿ ಉಜ್ಜಿ ಮೊಣಕೈಗಳಲ್ಲಿ ಕೂದಲು ಹೋಗಿ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು, ಪಕ್ಕೆಲುಬು ಎಣಿಸಬಹುದಿತ್ತು. ಕಚ್ಚೋದಿರಲಿ, ಅದು ತಲೆ ಎತ್ತಿ ನಮ್ಮನ್ನು ನೋಡಲೂ ಇಲ್ಲ. ಸ್ನೇಹಿತರಿಗೆ ಕರುಳು ಚುರುಕ್ ಅಂದು, ಒಂದು ಮರಿಯನ್ನಾದರೂ ಬಿಡಿಸಿಕೊಂಡು ಹೋಗೋಣ ಅಂದರು. ನಾನು ಬೇಡವೆಂದೆ. ನಾವು ಕೊಡುವ ಹಣವೇ ಆ ತಾಯಿಯ ಮುಂದಿನ ಸೂಲಿಗೆ ಬಂಡವಾಳ. ಇಂಥದ್ದು ಕಂಡರೆ ಪಶುಪಾಲನಾ ಇಲಾಖೆಯ ಜಿಲ್ಲಾ ಕಚೇರಿಗೆ ಬರೆದು ದೂರು ಕೊಡಿ.

ಕಾನೂನೂ ನಿಮ್ಮ ಕಡೆಗಿದೆ. 2017ರ ನಾಯಿ ತಳಿ ಸಂವರ್ಧನೆ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು ಗಬ್ಬ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ನೋಂದಣಿ ಪತ್ರ ತೋರಿಸಿ ಅನ್ನಿ. ತಾಯಿಯ ವಯಸ್ಸೆಷ್ಟು, ಇದು ಎಷ್ಟನೇ ಸೂಲು ಅಂತ ಕೇಳಿ. ಸರಿಯಾಗಿ ಸಾಕುವವರು ಸಂತೋಷವಾಗಿ ಹೇಳುತ್ತಾರೆ, ನಿಮಗೇ ನಾಲ್ಕು ಪ್ರಶ್ನೆ ತಿರುಗಿ ಕೇಳುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಪೇಪರ್ ಇದೆ ಅಂದ ಮಾತ್ರಕ್ಕೆ ನಂಬಬೇಡಿ. ಅದು ಮರಿಯ ವಂಶ ಹೇಳುತ್ತದೆಯೇ ಹೊರತು ತಾಯಿಯನ್ನು ಹೇಗೆ ಸಾಕಿದ್ದಾರೆ ಅನ್ನುವುದನ್ನಲ್ಲ.

ಮಗಳು ಒಪ್ಪುವುದಾದರೆ ನಾಟಿ ನಾಯಿಯ ಹೆಣ್ಣು ಮರಿಯನ್ನೇ ತನ್ನಿ ಅನ್ನುವುದು ನನ್ನ ಆಸೆ. ಹೆಣ್ಣು ಅಂತ ಬೇರೆ ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಕಡೆ ಗಂಡು ಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣನ್ನು ಮಾತ್ರ "ವರ್ಷ ವರ್ಷವೂ ಮರಿ ಹಾಕುತ್ತೆ, ಯಾರು ನೋಡ್ಕೋತಾರೆ" ಅಂತ ಚೀಲಕ್ಕೆ ತುಂಬಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಬಿಟ್ಟು ಬರುತ್ತಾರೆ. ಹಸಿವಿಗೆ, ಮಳೆಗೆ, ಚಿರತೆಗೆ ಸಿಕ್ಕಿ ಎಷ್ಟು ಉಳಿಯುತ್ತವೆ ಹೇಳಿ. ಸಂತಾನಹರಣ ಆಪರೇಷನ್ ಮಾಡಿಸಿದರೆ ಆ ಭಯವೇ ಇರುವುದಿಲ್ಲ, ಗರ್ಭಕೋಶದ ಸೋಂಕೂ ತಪ್ಪುತ್ತದೆ. ಬೀದಿಯದಾದರೂ ನಿಯಮ ಒಂದೇ: ಹಾಲು ಕುಡಿಯುವ ಮರಿಯನ್ನು ತಾಯಿಯಿಂದ ಕಿತ್ತು ತರಬೇಡಿ, ಎಂಟು ವಾರ ಕಾಯಿರಿ. ಅಲ್ಲಿಯವರೆಗೆ ಆ ತಾಯಿಗೆ ದಿನಾ ಒಂದು ಹೊತ್ತು ಊಟ ಹಾಕಿ, ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೂ ಆಪರೇಷನ್ ಮಾಡಿಸಿದರೆ ಮುಂದಿನ ವರ್ಷ ಅದೇ ಮೋರಿ ಪಕ್ಕ ಮತ್ತೆ ಮರಿಗಳು ಸಾಯುವುದು ತಪ್ಪುತ್ತದೆ.

ಲ್ಯಾಬ್ರಡಾರೇ ಆಗಬೇಕು ಅಂದರೆ ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲೂ ವಿಚಾರಿಸಿ. ಸಾಕಲಾಗದೆ ಜನ ಬಿಟ್ಟುಹೋದ ಜಾತಿ ನಾಯಿಗಳೂ ಅಂಥಲ್ಲಿಗೆ ಬರುತ್ತವೆ. ವಯಸ್ಸಾದದ್ದು ಹೊಂದಿಕೊಳ್ಳಲ್ಲ ಅನ್ನುವುದು ಸುಳ್ಳು.

ಯಾವ ಮರಿ ತಂದರೂ ಮೊದಲು ಇಲ್ಲಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ನಂಬಿಕೆಯ ವೈದ್ಯರಲ್ಲೋ ತೋರಿಸಿ. ಮರಿಗಳ ಜೀವ ತೆಗೆಯುವ ಪಾರ್ವೊ ಎಂಬ ವೈರಸ್ ರೋಗದ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಆಗಬೇಕು. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಪಾರ್ವೊ ಕೋರ್ಸು ಮುಗಿಯುವವರೆಗೆ ಬೀದಿ ನೆಲಕ್ಕೆ ಇಳಿಸಬೇಡಿ.

ಇನ್ನೊಂದು. ಬ್ರೀಡರ್ ಮನೆಗೆ ಮೊದಲ ಸಲ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಬೇಡಿ. ಮರಿ ಅವಳ ಮಡಿಲಿಗೆ ಬಂದ ಮೇಲೆ, ಹಿತ್ತಲಲ್ಲಿ ಏನೇ ಕಂಡರೂ ಬೇಡ ಅನ್ನಲು ನಿಮಗೆ ಬಾಯಿ ಬರುವುದಿಲ್ಲ.