ಜೇಡದ ರೂಪದ ನೆರಳು ಜೀವಿಗಳ ಕುಲವೊಂದನ್ನು ಉಡುಪಿ ಕಡೆಯ ಫ್ಯಾಂಟಸಿ ಕಥೆಗೆ ತರುವುದು ಹೇಗೆ?

ಮೊದಲು ಅವು ಯಾವುದಕ್ಕೆ ಹೆದರುತ್ತವೆ ಅಂತ ತೀರ್ಮಾನಿಸಿ. ಅದಕ್ಕೆ ಬೇಕಾದ್ದು ನಮ್ಮೂರಲ್ಲೇ ಇದೆ: ಶೂನ್ಯ ನೆರಳಿನ ದಿನ. ವರ್ಷಕ್ಕೆ ಎರಡು ಸಲ, ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸಿನಲ್ಲಿ, ಉಡುಪಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಸುಮಾರು 12.30ಕ್ಕೆ ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ನೆರಳನ್ನೇ ನಂಬಿ ಬದುಕುವ ಜೀವಿಗೆ ಇದಕ್ಕಿಂತ ಕೆಟ್ಟ ಗಳಿಗೆ ಬೇಕಾ? ಕೊನೆಯ ಹೋರಾಟವನ್ನು ಆ ಕೆಲವೇ ನಿಮಿಷಗಳಿಗೆ ಇಡಿ. ಏಪ್ರಿಲ್ ದಿನವೇ ಒಳ್ಳೆಯದು. ಆಗಸ್ಟ್‌ನಲ್ಲಿ ಮಳೆಮೋಡ ಜಾಸ್ತಿ, ಸೂರ್ಯ ಕಾಣುವ ಗ್ಯಾರಂಟಿ ಇಲ್ಲ.

ಸ್ವಭಾವವನ್ನು ನಿಜವಾದ ಜೇಡದಿಂದಲೇ ತೆಗೆದುಕೊಳ್ಳಿ. ಬಲೆ ನೇಯುವ ಜೇಡಗಳಿಗೆ ಸಾಮಾನ್ಯವಾಗಿ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಎಳೆ ನಡುಗಿದ್ದನ್ನು ಕಾಲಲ್ಲೇ ತಿಳಿಯುತ್ತವೆ. ನಿಮ್ಮ ಜೀವಿಗಳೂ ಹಾಗೇ ಇರಲಿ. ಅಡಿಕೆ ತೋಟದಲ್ಲಿ ಮನುಷ್ಯನ ನೆರಳು ಮರದ ನೆರಳಿಗೆ ತಾಗಿದರೆ ಸಾಕು, ಅವಕ್ಕೆ ಗೊತ್ತಾಗಬೇಕು. ಅಲ್ಲಾಡದೆ ನಿಂತವನು ಬಚಾವ್.

ಒಂದು ವಿನಂತಿ. ಇವನ್ನು ನಮ್ಮ ದೈವಗಳ ಜೊತೆ ಬೆರೆಸಬೇಡಿ. ಪಂಜುರ್ಲಿ, ಜುಮಾದಿ ಅಂದರೆ ಜನ ಇವತ್ತಿಗೂ ನಂಬಿ ಕೋಲ ಕೊಡುವ ದೈವಗಳು. ನಿಮ್ಮ ಜೇಡಗಳಿಗೆ ಬೇರೆಯೇ ಹುಟ್ಟಿನ ಕಥೆ ಕಟ್ಟಿ.